ದೋರನಹಳ್ಳಿಯ ಮೇಲೆ ಬಿದ್ದ ಮಡಿಕೆ

ಹೋದ ತಿಂಗಳು ಸಗರದಲ್ಲಿ ಯಾರದೋ ಅಂಗಳದಲ್ಲಿ ಕಂಬಳಿಗೆ ಹಚ್ಚಲು ಹುಣಸೆ ಬೀಜದ ಗಂಜಿ ಕುದಿಸುತ್ತಿದ್ದರು. ಹುರಿದ ಬೀಜದ ಆ ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಲು ಅಲ್ಲೇ ನಿಂತಿತು. ನಿಮಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ. ನನಗದು ಶಹಾಪುರದ ನಮ್ಮ ಮನೆ. ಈಗ ಆ ಜಾಗದಲ್ಲಿ ಸಿಮೆಂಟಿನ ಮಳಿಗೆಗಳು. ಅಲ್ಲೊಂದು ಮನೆಯಿತ್ತೆಂದರೆ ಯಾರೂ ನಂಬುವುದಿಲ್ಲ. ಪಡಸಾಲೆ ತುಂಬ ಕಾಗದ, ಇದೇ ಹುಣಸೆ ಬೀಜದ ಅಂಟಿನ ಗಡಿಗೆ, ಕಲ್ಲಿನ ಹಲಗೆ, ನಡುವೆ ಕೂತ ನನ್ನ ಅವ್ವನ ಅಪ್ಪ. ಮುತ್ಯಾ ಪುಸ್ತಕಗಳಿಗೆ ರಟ್ಟು ಕಟ್ಟುವವನು. ಹುಳ ಹಿಡಿಯಬಾರದೆಂದು ಅಂಟಿಗೆ ಮೈಲುತುತ್ತ ಬೆರೆಸುತ್ತಿದ್ದ, ನಾಲಿಗೆಗೆ ಹಚ್ಚಿದರೆ ಸತ್ತೇ ಹೋಗುತ್ತೀ ಎಂದು ನನ್ನನ್ನು ಹೆದರಿಸುತ್ತಿದ್ದ. ಮನೆಯಲ್ಲಿ ನಾವಿಬ್ಬರೇ.

ನಿಜಾಮರ ಆಳ್ವಿಕೆ ಮುಗಿದು ಒಂದೆರಡು ವರ್ಷವಾಗಿತ್ತು. ಉರ್ದು ಪುಸ್ತಕಗಳನ್ನು ರಟ್ಟಿಗೆ ತರುವವರು ಕಡಿಮೆಯಾಗಿ, ರೊಟ್ಟಿಯ ಜೊತೆ ಪಲ್ಯ ಕಾಣುವುದೇ ಅಪರೂಪವಾಗಿತ್ತು. ಅಂಥ ಹೊತ್ತಿನಲ್ಲಿ ರಸ್ತೆ ಕೆಲಸಕ್ಕೆಂದು ಧಾರವಾಡದ ಕಡೆಯಿಂದ ಓವರ್ಸಿಯರ್ ಸಾಹೇಬರು ಬಂದರು. ಯಾದಗಿರಿ, ಶಹಾಪುರ, ಸುರಪುರದ ದಾರಿಗಳಿದ್ದ ಅವರ ನಕಾಶೆ ಮಳೆಗೆ ನೆನೆದು ಮಡಿಕೆ ಮಡಿಕೆಯಲ್ಲೂ ಹರಿದಿತ್ತು. ಹೊಸ ಪ್ರತಿಯೊಂದನ್ನು ತಂದು, "ಇದು ಹರೀದಂಗ ಮಾಡ್ರಿ. ಚಲೋ ಆದ್ರ ಇಂಥಾವು ಇನ್ನೂ ಇಪ್ಪತ್ತು ಕೊಡತೀನಿ. ಇಲ್ಲಾಂದ್ರ ಹೈದರಾಬಾದಿಗೆ ಕಳಸಬೇಕಾಗತದ," ಎಂದರು. ಅದರ ಉಪಾಯ ಮುತ್ಯಾನಿಗೆ ಗೊತ್ತಿತ್ತು. ಕಾಗದವನ್ನು ಸಮನಾದ ಚೌಕಗಳಾಗಿ ಕೊಯ್ದು, ನಡುವೆ ಜೋಳದ ಕಾಳಿನಷ್ಟು ಸಂದು ಬಿಟ್ಟು ತೆಳು ಬಟ್ಟೆಗೆ ಅಂಟಿಸಬೇಕು. ಆಗ ಮಡಿಕೆ ಬಟ್ಟೆಯ ಮೇಲೆ ಬೀಳುತ್ತದೆ, ಕಾಗದ ಹರಿಯುವುದಿಲ್ಲ.

ಆದರೆ ಸಮ ಚೌಕ ಮಾಡಿದರೆ ಚಾಕು ದೋರನಹಳ್ಳಿಯ ಚುಕ್ಕೆಯ ಮೇಲೇ ಹಾಯುತ್ತಿತ್ತು. ದೋರನಹಳ್ಳಿ ನನ್ನ ಅವ್ವನನ್ನು ಕೊಟ್ಟ ಊರು. ನನಗೆ ಹಲ್ಲು ಬರುವ ಮೊದಲೇ ಜ್ವರದಿಂದ ತೀರಿಕೊಂಡು ಅಲ್ಲಿಯ ಹೊಲದಲ್ಲೇ ಮಣ್ಣಾಗಿದ್ದಳು. ಮುತ್ಯಾ ಚಾಕುವನ್ನು ಒಂದು ಬೆರಳು ಸರಿಸಿ ಊರಿನಾಚೆ ಕೊಯ್ದ. ನಕಾಶೆ ಸೊಟ್ಟಗೆ ಮಡಚಿಕೊಂಡು ಸಾಹೇಬರ ಚರ್ಮದ ಚೀಲದೊಳಗೆ ಹೋಗಲೇ ಇಲ್ಲ.

"ಇಷ್ಟು ವರ್ಷದ ಕೈ, ಅಳತಿ ಹೆಂಗ ತಪ್ಪಿತ್ರಿ?"

"ಕಣ್ಣು ಮಂಜಾಗ್ಯಾವ್ರಿ," ಎಂದು ಮುತ್ಯಾ ಸುಳ್ಳು ಹೇಳಿದ. ಸಾಹೇಬರು ಒಳ್ಳೆಯವರು, ಇನ್ನೊಂದು ಪ್ರತಿ ಕೊಟ್ಟು ಇದೇ ಕಡೆಯದು ಎಂದರು.

ಮರುದಿನ ಮುಂಜಾನೆ ಮುತ್ಯಾ ಗೆರೆ ಎಳೆದು, ಕಬ್ಬಿಣದ ಪಟ್ಟಿ ಇಟ್ಟು, ಚಾಕು ಎತ್ತಿ ಮತ್ತೆ ಕೆಳಗಿಟ್ಟ. ಆಮೇಲೆ ಒಂಬತ್ತು ವರ್ಷದ ನನ್ನನ್ನು ಕರೆದು ಚಾಕು ಕೈಗೆ ಕೊಟ್ಟ. "ಯವ್ವಾ, ನೀನ ಕೊಯ್ಯಿ. ಮಗಳ ಕೈ ಆದ್ರ ಆಕಿಗಿ ನೋವಾಗಂಗಿಲ್ಲ." ಎಂದೂ ಮುಟ್ಟಗೊಡದ ಚಾಕು ಸಿಕ್ಕ ಹಿಗ್ಗು ನನಗೆ. ಉಸಿರು ಬಿಗಿಹಿಡಿದು ಒಂದೇ ಎಳೆತಕ್ಕೆ ಕೊಯ್ದೆ. ಮುತ್ಯಾ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ.

ನಕಾಶೆ ಚೀಲಕ್ಕೆ ಸರಿಹೋಯಿತು. ಇಪ್ಪತ್ತೂ ಬಂದವು, ಇಪ್ಪತ್ತರಲ್ಲೂ ದೋರನಹಳ್ಳಿಯನ್ನು ಕೊಯ್ದವಳು ನಾನೇ. ಸಾಹೇಬರು ಶಹಬ್ಬಾಸ್ ಅಂದದ್ದನ್ನು ಓಣಿ ತುಂಬ ಹೇಳಿಕೊಂಡು ತಿರುಗಿದೆ. ಮುತ್ಯಾ ಹೋದ, ಮನೆಯೂ ಹೋಯಿತು, ಆ ದಾರಿಗಳೆಲ್ಲ ಡಾಂಬರು ಕಂಡವು. ಈಗ ಆ ಮುಂಜಾನೆ ನೆನೆದರೆ ಸಂಕಟವಾಗುತ್ತದೆ. ಅಷ್ಟು ನೆಟ್ಟಗೆ ಕೊಯ್ದೆನಲ್ಲ, ಕೈ ಒಂದಿಷ್ಟೂ ನಡುಗಲಿಲ್ಲ. ನಡುಗುವುದಕ್ಕೆ ನನಗೆ ಅವ್ವನ ಮುಖವಾದರೂ ನೆನಪಿರಬೇಕಿತ್ತಲ್ಲ.