ಬೆಂದ ಕಾಳಿನ ಬಿಸಿ

ನಮ್ಮ ಜೀವಶಾಸ್ತ್ರದ ಮೇಷ್ಟ್ರ ಬಲಗೈ ಹೆಬ್ಬೆರಳಿನ ಉಗುರು ಸದಾ ಹಸಿರಾಗಿರುತ್ತಿತ್ತು. ದಾರಿಯಲ್ಲಿ ಸಿಕ್ಕ ಎಲೆ, ದಂಟು, ಕಾಯಿ ಯಾವುದನ್ನೂ ಆ ಉಗುರಿನಿಂದ ಸೀಳಿ ನೋಡದೆ ಬಿಡುತ್ತಿರಲಿಲ್ಲ. ಉತ್ತರಹಳ್ಳಿಯಿಂದ ಜಯನಗರದ ನಮ್ಮ ಹೈಸ್ಕೂಲಿಗೆ ಸೈಕಲ್ ತುಳಿದು ಬರುವಷ್ಟರಲ್ಲಿ ಅವರ ಅಂಗಿಯ ಜೇಬು ಭಾರಕ್ಕೆ ಜೋತುಬಿದ್ದಿರುತ್ತಿತ್ತು. ಒಮ್ಮೆ ಹಾಜರಿ ಕರೆಯುವಾಗ ಆ ಜೇಬಿನ ಅಂಚಿಗೆ ಬಸವನಹುಳುವೊಂದು ಕೊಂಬು ಚಾಚಿ ಬಂತು. ಹುಡುಗಿಯರು ಕಿಸಕ್ಕೆಂದರು. ಮೇಷ್ಟ್ರು ನಗಲಿಲ್ಲ. "ಇವರೂ ಹಾಜರ್" ಎಂದು ಅದನ್ನು ಎತ್ತಿ ಮೇಜಿನ ಮೇಲಿಟ್ಟು ಮುಂದಿನ ಹೆಸರು ಕರೆದರು.

ಅರವತ್ತರ ದಶಕದ ಮೊದಲ ವರ್ಷಗಳು. ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮ ತರಗತಿಯಲ್ಲಿ ಅರ್ಧ ಜನ ಬ್ಲಾಕುಗಳಲ್ಲಿ ಮನೆ ಕಟ್ಟಿಕೊಂಡ ಗುಮಾಸ್ತರ, ಮೇಷ್ಟ್ರುಗಳ ಮಕ್ಕಳು. ಇನ್ನರ್ಧ ವಸಂತಪುರ, ಉತ್ತರಹಳ್ಳಿಗಳ ಕಡೆಯಿಂದ ನಡೆದು ಬರುವ ಬೇಸಾಯಗಾರರ ಮಕ್ಕಳು. ಮೇಷ್ಟ್ರು ಆ ಎರಡನೆಯ ಪೈಕಿಯವರು. ಅವರ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು ಅವರೊಬ್ಬರೇ. ಶಾಲೆಯಲ್ಲಿ ಅವರದು ಇನ್ನೂ ಖಾಯಂ ಆಗದ ಕೆಲಸ. ಎರಡು ವರ್ಷ ನೋಡಿ, ಇನ್ಸ್‌ಪೆಕ್ಟರ ವರದಿ ಓದಿ, ಆಮೇಲೆ ತೀರ್ಮಾನ ಮಾಡುತ್ತೇವೆ ಎಂದು ಕಮಿಟಿಯವರು ಹೇಳಿದ್ದರಂತೆ. ಇದು ನಮಗೆಲ್ಲ ಗೊತ್ತಿತ್ತು. ಶಾಲೆಯಲ್ಲಿ ಯಾವ ಗುಟ್ಟು ತಾನೇ ನಿಲ್ಲುತ್ತದೆ.

ಪುಸ್ತಕ ನೋಡಿ ಪಾಠ ಮಾಡಿದ್ದನ್ನು ನಾನು ಕಾಣೆ. ಸಸ್ಯವರ್ಗಗಳ ಪಾಠ ಬಂದಾಗ ನಮ್ಮನ್ನು ಶಾಲೆಯ ಹಿಂದಿನ ಖಾಲಿ ಸೈಟಿಗೆ ಕರೆದುಕೊಂಡು ಹೋಗಿ, ಒಂದು ಚಾಪೆಯಗಲ ಜಾಗಕ್ಕೆ ದಾರ ಕಟ್ಟಿ, ಒಳಗೆ ಎಷ್ಟು ಬಗೆಯ ಜೀವ ಇದೆ ಎಣಿಸಿ ಎಂದರು. ಗರಿಕೆ, ತುಂಬೆ, ನೆಲನೆಲ್ಲಿ, ಇರುವೆಯಲ್ಲೇ ಮೂರು ಜಾತಿ. ನಾವು ಎಣಿಸಿ ಸುಸ್ತಾಗಿ, ಉಳಿದದ್ದೆಲ್ಲ ಕಳೆ ಸಾರ್ ಅಂದೆವು. "ಹೆಸರು ಗೊತ್ತಿಲ್ದೆ ಇರೋದಕ್ಕೆಲ್ಲ ಜನ ಕಳೆ ಅಂತಾರೆ. ಅದು ಗಿಡದ ತಪ್ಪಲ್ಲ" ಅಂದರು. ಇನ್ನೊಂದು ಸಲ ಎಲೆಯೊಂದನ್ನು ಬೆಳಕಿಗೆ ಹಿಡಿದು, "ಲೋಕದಲ್ಲಿ ಅನ್ನ ಮಾಡೋಕೆ ಬರೋದು ಇವಕ್ಕೆ ಮಾತ್ರ. ಮಿಕ್ಕೋರೆಲ್ಲ ಉಣ್ಣೋರು, ನಾನೂ ಸೇರಿ" ಅಂದಿದ್ದರು.

ಅವರದೊಂದು ಪದ್ಧತಿ ಇತ್ತು. ಪೋಷಣೆಯ ಪಾಠ ಶುರುವಾದಾಗಿನಿಂದ ಹಾಜರಿಗೆ 'ಪ್ರೆಸೆಂಟ್ ಸಾರ್' ಅನ್ನುವಂತಿರಲಿಲ್ಲ. ಬೆಳಿಗ್ಗೆ ಏನು ತಿಂದೆವೋ ಅದನ್ನು ಹೇಳಬೇಕು. ದೋಸೆ, ಅವಲಕ್ಕಿ, ರೊಟ್ಟಿ, ತಂಗಳನ್ನ ಮೊಸರು. ಹಳ್ಳಿಯ ಹುಡುಗರು ಮೊದಮೊದಲು ಮುದ್ದೆ ಅನ್ನಲು ನಾಚಿಕೊಂಡು ಇಡ್ಲಿ ಅನ್ನುತ್ತಿದ್ದರು. ಮೇಷ್ಟ್ರೇ ಒಂದು ದಿನ ತಮ್ಮ ಹೆಸರನ್ನು ತಾವೇ ಕರೆದುಕೊಂಡು, "ಮುದ್ದೆ, ಹುರುಳಿಕಾಳು ಸಾರು" ಅಂದರು. "ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ ಅಂತ ಹಿರೀಕರು ಸುಮ್ನೆ ಹೇಳ್ಲಿಲ್ಲ ಕಣ್ರೋ. ಮೂಳೆಗೆ ಬೇಕಾದ ಸುಣ್ಣ ರಾಗೀಲಿದೆ." ಮಾರನೆಯ ದಿನದಿಂದ ಮುದ್ದೆಗಳ ಸಂಖ್ಯೆ ಏರಿತು.

ನಾನು ದಿನಾ ಉಪ್ಪಿಟ್ಟು ಅನ್ನುತ್ತಿದ್ದೆ.

ಒಂಬತ್ತನೆಯ ತರಗತಿ ಶುರುವಾಗುವ ಮೊದಲಿನ ಬೇಸಿಗೆ ರಜೆಯಲ್ಲಿ ನನ್ನ ಅಮ್ಮ ತೀರಿಕೊಂಡಿದ್ದಳು. ಹದಿನೈದು ದಿನ ಜ್ವರ, ಅಷ್ಟೇ. ನಾನು ಅಳಲಿಲ್ಲ. ಬಂದವರೆಲ್ಲ ನನ್ನ ಮುಖ ನೋಡಿ, "ಒಂದು ಹನಿ ಕಣ್ಣೀರಿಲ್ಲ ನೋಡಿ ಹುಡುಗಿಗೆ, ಕಲ್ಲು ಮನಸ್ಸು" ಎಂದು ನನಗೆ ಕೇಳಿಸುವ ಹಾಗೆಯೇ ಹೇಳಿ ಹೋದರು. ಕಲ್ಲೂ ಅಲ್ಲ, ಏನೂ ಅಲ್ಲ. ಗರ ಬಡಿದವಳ ಹಾಗೆ ಏಳುತ್ತಿದ್ದೆ, ಜಡೆ ಹಾಕಿಕೊಳ್ಳುತ್ತಿದ್ದೆ, ಶಾಲೆಗೆ ಹೋಗುತ್ತಿದ್ದೆ. ಅಪ್ಪನ ತಾಯಿ, ನನ್ನ ಅಜ್ಜಿ, ನಮ್ಮಲ್ಲಿಗೆ ಬಂದು ಅಡುಗೆಗೆ ನಿಂತಿದ್ದಳು. ಅವಳ ಕೈರುಚಿಗೆ ನೆಂಟರೆಲ್ಲ ಬಾಯಿ ಚಪ್ಪರಿಸುತ್ತಿದ್ದರು. ನನ್ನ ನಾಲಿಗೆಗೆ ಮಾತ್ರ ಉಪ್ಪೂ ಗೊತ್ತಾಗುತ್ತಿರಲಿಲ್ಲ, ಹುಳಿಯೂ ಗೊತ್ತಾಗುತ್ತಿರಲಿಲ್ಲ. ಎರಡು ತುತ್ತು ಮುಕ್ಕಿ ಎದ್ದುಬಿಡುತ್ತಿದ್ದೆ. ಡಬ್ಬಿಯಲ್ಲಿದ್ದದ್ದನ್ನು ದಾರಿಯ ಹಸುವಿಗೆ ಸುರಿಯುತ್ತಿದ್ದೆ. ಹಸು ದಪ್ಪವಾಯಿತು.

ಎರಡು ತಿಂಗಳ ಮೇಲೆ ಒಂದು ದಿನ ಮೇಷ್ಟ್ರು ತರಗತಿ ಮುಗಿದ ಮೇಲೆ ನನ್ನನ್ನು ನಿಲ್ಲಿಸಿಕೊಂಡರು.

"ಏನಮ್ಮ, ನಿಮ್ಮನೇಲಿ ಉಪ್ಪಿಟ್ಟು ಬಿಟ್ಟು ಬೇರೆ ಏನೂ ಮಾಡಲ್ವಾ?"

"ಮಾಡ್ತಾರೆ ಸಾರ್."

"ಮತ್ತೆ?"

ಬೇರೆ ಯಾರಾದರೂ ಆಗಿದ್ದರೆ ಅಯ್ಯೋ ಪಾಪ ಎಂದು ತಲೆ ಸವರಿ ನನ್ನ ಪ್ರಾಣ ತಿನ್ನುತ್ತಿದ್ದರು. ಇವರು ಕಿಟಕಿಯ ಕಡೆ ತಿರುಗಿ, "ನಾಳೆಯಿಂದ ಲ್ಯಾಬಲ್ಲಿ ಕಾಳು ನೆನೆಹಾಕಿ ನೀರು ಬದಲಾಯಿಸೋದು ನಿನ್ನ ಕೆಲಸ. ಮರೀಬೇಡ, ಮರೆತ್ರೆ ಅವು ಸಾಯ್ತವೆ" ಅಂದರು. ಅಷ್ಟೇ ಮಾತು.

ಲ್ಯಾಬು ಅಂದರೆ ಒಂದು ಕೋಣೆ, ಎರಡು ಮೇಜು, ಗಾಜಿನ ಜಾಡಿಗಳಲ್ಲಿ ಕಪ್ಪೆ, ಹಾವುಮರಿ, ಒಂದು ಪಂಪ್ ಸ್ಟೋವ್. ದಿನಾ ಸಂಜೆ ನಾನು ಅಲ್ಲಿಗೆ ಹೋಗಿ ಕಾಳು ತೊಳೆದು ಬಟ್ಟೆಯಲ್ಲಿ ಕಟ್ಟುತ್ತಿದ್ದೆ. ಮೊಳಕೆ ಬಂದರೆ ಸಂತೋಷ ಅನಿಸುತ್ತಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಕೈಗೊಂದು ಕೆಲಸವಿತ್ತು, ಮಾಡುತ್ತಿದ್ದೆ.

ಆಗ ಉಸಿರಾಟದ ಪಾಠ ನಡೆದಿತ್ತು. "ಒಲೇಲಿ ಸೌದೆ ಉರಿಯೋದೂ ನಮ್ಮೊಳಗೆ ಅನ್ನ ಉರಿಯೋದೂ ಒಂದೇ. ಇಲ್ಲಿ ನಿಧಾನ, ಹೊಗೆ ಇಲ್ಲ. ನಿಮ್ಮ ನಿಮ್ಮ ಕೈ ಮುಟ್ಟಿ ನೋಡ್ಕೊಳ್ಳಿ. ಬಿಸಿ ಇದೆಯಲ್ಲ, ಅದು ನೀವು ತಿಂದಿದ್ದು" ಎಂದಿದ್ದರು ಮೇಷ್ಟ್ರು. ಎಲ್ಲರೂ ಮುಟ್ಟಿಕೊಂಡರು. ನಾನೂ ಮುಟ್ಟಿಕೊಂಡೆ. ಬಿಸಿಯೋ ತಣ್ಣಗೋ ತಿಳಿಯಲಿಲ್ಲ.

ಅಷ್ಟರಲ್ಲಿ ಇನ್ಸ್‌ಪೆಕ್ಟರು ಸೋಮವಾರ ಬರುತ್ತಾರೆಂದು ಸುದ್ದಿ ಬಂತು. ಮೇಷ್ಟ್ರು ಉಸಿರಾಟದ ಪ್ರಯೋಗವನ್ನೇ ತೋರಿಸಲು ನಿಶ್ಚಯಿಸಿದರು. ಎರಡು ಥರ್ಮಾಸ್ ಫ್ಲಾಸ್ಕು. ಒಂದರಲ್ಲಿ ಮೊಳಕೆಯೊಡೆದ ಕಡಲೆಕಾಳು, ಇನ್ನೊಂದರಲ್ಲಿ ಬೇಯಿಸಿದ ಕಡಲೆಕಾಳು. ಎರಡಕ್ಕೂ ಥರ್ಮಾಮೀಟರ್ ಸಿಕ್ಕಿಸಿ, ಬಾಯಿಗೆ ಹತ್ತಿ ತುರುಕಿ ಎರಡು ಮೂರು ದಿನ ಬಿಡುವುದು. ಮೊಳಕೆ ಉಸಿರಾಡುತ್ತದೆ, ಅದರ ಫ್ಲಾಸ್ಕು ಬಿಸಿಯಾಗುತ್ತದೆ. ಬೆಂದದ್ದು ಸತ್ತದ್ದು, ತಣ್ಣಗಿರುತ್ತದೆ. ಎರಡನೆಯ ಫ್ಲಾಸ್ಕು ಇಲ್ಲದೆ ಹೆಡ್‌ಮಾಸ್ಟರ ಕಾಫಿ ಫ್ಲಾಸ್ಕನ್ನು ಬೇಡಿ ತಂದರು.

ಶುಕ್ರವಾರ ಸಂಜೆ ಮೇಷ್ಟ್ರು ಹೆಡ್‌ಮಾಸ್ಟರ ಕೋಣೆಯಲ್ಲಿ ಮೀಟಿಂಗಿಗೆ ಹೋಗಬೇಕಾಗಿತ್ತು. ಮೊಳಕೆಯ ಫ್ಲಾಸ್ಕನ್ನು ತಾವೇ ತುಂಬಿಟ್ಟು, ನೆನೆದ ಕಡಲೆಯನ್ನು ಅಳೆದು ನನ್ನ ಮುಂದಿಟ್ಟರು. "ಎರಡರಲ್ಲೂ ಅಳತೆ ಒಂದೇ ಇರ್ಬೇಕು. ಬೇಯಿಸಿ, ಆರಿಸಿ, ಈ ಫಾರ್ಮಲಿನ್ ನೀರಲ್ಲಿ ತೊಳೆದು ಆಮೇಲೆ ತುಂಬು. ತೊಳೀದೆ ಇದ್ರೆ ಕೊಳೆಯುತ್ತೆ, ಲೆಕ್ಕ ತಪ್ಪುತ್ತೆ" ಅಂದು ಹೋದರು.

ಸ್ಟೋವ್ ಹಚ್ಚಿ ಕಾಳು ಬೇಯಲಿಟ್ಟೆ. ಸ್ವಲ್ಪ ಹೊತ್ತಿಗೆ ಹಬೆ ಎದ್ದಿತು. ಶುಕ್ರವಾರದ ಸಂಜೆ, ಬೇಯುವ ಕಡಲೆಯ ವಾಸನೆ. ನಮ್ಮಮ್ಮ ಪ್ರತಿ ಶುಕ್ರವಾರ ದೇವರ ಮುಂದೆ ಇಡಲು ಕಡಲೆ ಉಸಲಿ ಮಾಡುತ್ತಿದ್ದಳು. ಕಾಳು ಬೆಂದಿದೆಯೇ ಎಂದು ನೋಡಲು ಒಂದನ್ನು ತೆಗೆದು ಹಿಸುಕಿದೆ. ಬಾಯಿಗೆ ಹಾಕಿಕೊಂಡೆ. ಉಪ್ಪಿಲ್ಲ, ಒಗ್ಗರಣೆಯಿಲ್ಲ, ಕಾಯಿತುರಿಯಿಲ್ಲ. ಆದರೆ ಅದು ಕಡಲೆ ಎಂದು ನನ್ನ ನಾಲಿಗೆಗೆ ಗೊತ್ತಾಯಿತು. ಇನ್ನೊಂದು ತಿಂದೆ. ಆಮೇಲೆ ಮೇಜಿಗೆ ಒರಗಿ ನಿಂತು, ಜಾಡಿಯ ಕಪ್ಪೆಗಳ ಎದುರಿಗೆ, ಬಿಸಿ ಬಿಸಿ ಕಾಳನ್ನು ಹಿಡಿ ಹಿಡಿಯಾಗಿ ತಿಂದೆ. ಪಾತ್ರೆ ಅರ್ಧ ಖಾಲಿಯಾದಾಗ ಎಚ್ಚರವಾಯಿತು.

ಉಳಿದದ್ದನ್ನು ಫಾರ್ಮಲಿನ್‌ನಲ್ಲಿ ತೊಳೆಯಬೇಕು. ಬಾಟಲಿಯ ಬಿರಡೆ ತೆಗೆದೆ. ಮೂಗು ಸುಡುವ ವಾಸನೆ. ಅನ್ನದ ಅಗುಳು ಕಾಲಿಗೆ ತಾಗಿದರೆ ತೆಗೆದು ಕಣ್ಣಿಗೊತ್ತಿಕೊಳ್ಳುವ ಮನೆ ನಮ್ಮದು. ನಾನು ಈಗ ತಾನೇ ಉಂಡ ಪಾತ್ರೆಗೆ ಆ ವಿಷ ಸುರಿಯಲು ಕೈ ಏಳಲೇ ಇಲ್ಲ. ಬಿರಡೆ ಮುಚ್ಚಿದೆ. ಕಾಳನ್ನು ಹಾಗೆಯೇ ತುಂಬಿ ಹತ್ತಿ ತುರುಕಿ ಮನೆಗೆ ಹೋದೆ. ಒಂದು ಸಲ ತೊಳೆಯದಿದ್ದರೆ ಏನು ಮಹಾ ಆಗುತ್ತದೆ ಅಂದುಕೊಂಡೆ.

ಸೋಮವಾರ ಇನ್ಸ್‌ಪೆಕ್ಟರು, ಹೆಡ್‌ಮಾಸ್ಟರು, ಕಮಿಟಿಯ ಒಬ್ಬ ಹಿರಿಯರು ಬಂದು ಮುಂದೆ ಕೂತರು. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು, ಜೇಬು ಖಾಲಿ. ಸೊಗಸಾಗಿ ಪಾಠ ಮಾಡಿದರು. ಕೊನೆಗೆ ಇನ್ಸ್‌ಪೆಕ್ಟರು ತಾವೇ ಎದ್ದು ಬಂದು ಎರಡೂ ಥರ್ಮಾಮೀಟರ್ ಓದಿದರು.

"ಏನ್ರೀ ಮೇಷ್ಟ್ರೇ, ನಿಮ್ಮ ಸತ್ತ ಕಾಳು ಬದುಕಿರೋದಕ್ಕಿಂತ ಬಿಸಿ ಇದೆಯಲ್ರೀ."

ತರಗತಿಗೆ ತರಗತಿಯೇ ನಕ್ಕಿತು. ಮೇಷ್ಟ್ರು ಬೆಂದ ಕಾಳಿನ ಫ್ಲಾಸ್ಕಿನ ಹತ್ತಿ ತೆಗೆದು ಮೂಸಿದರು. ಹುಳಿ ನಾತ ಮೊದಲ ಬೆಂಚಿನವರೆಗೂ ಬಂತು. ಫ್ಲಾಸ್ಕನ್ನು ಬಾಗಿಸಿ ಒಳಗೆ ನೋಡಿದರು. ನಾನು ಮೊದಲ ಬೆಂಚಿನಲ್ಲೇ ಕೂತಿದ್ದೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಥರ್ಮಾಮೀಟರ್ ಸರಿಯಾಗಿದೆ ಸಾರ್," ಅಂದರು. "ಕಾಳು ಸತ್ತಿರೋದೂ ನಿಜ. ಅದರ ಮೇಲೆ ಕಣ್ಣಿಗೆ ಕಾಣದ ಬೇರೆ ಜೀವಿಗಳು ಬೆಳೆದಿವೆ, ಅವು ಉಸಿರಾಡ್ತಿವೆ. ಕಾಳನ್ನ ಔಷಧದಲ್ಲಿ ತೊಳೀಬೇಕಿತ್ತು. ನಾನು ತೊಳೀಲಿಲ್ಲ. ತಪ್ಪು ನಂದು."

ಆಗ ನಾನು ಎದ್ದು ನಿಲ್ಲಬೇಕಿತ್ತು. ನಾನು ಸಾರ್ ತೊಳೆಯದೆ ಇದ್ದದ್ದು ಎಂದು ನಾಲ್ಕು ಮಾತು ಆಡಿದ್ದರೆ ಆಗುತ್ತಿತ್ತು. ಹೆದರಿಕೆಯಾಯಿತು ಎಂದರೆ ಎಷ್ಟೋ ವಾಸಿ, ಅದಕ್ಕೊಂದು ಮರ್ಯಾದೆ ಇದೆ. ನನಗೆ ಹೆದರಿಕೆಯೂ ಆಗಲಿಲ್ಲ, ನಾಚಿಕೆಯೂ ಆಗಲಿಲ್ಲ. ಯಾರದೋ ಮನೆಯ ಕಿಟಕಿಯಿಂದ ಒಳಗೆ ನೋಡುವವಳ ಹಾಗೆ ಕೂತು ನೋಡುತ್ತಿದ್ದೆ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ, ಆ ಗಾದೆ ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಪ್ರಯೋಗಗಳ ಸಿದ್ಧತೆಯಲ್ಲಿ ಅಜಾಗರೂಕರು ಎಂದು ವರದಿಯಲ್ಲಿ ಬರೆದರಂತೆ. ಹೆಡ್‌ಮಾಸ್ಟರಿಗೆ ಅದಕ್ಕಿಂತ ಹೆಚ್ಚಾಗಿ ತಮ್ಮ ಕಾಫಿ ಫ್ಲಾಸ್ಕಿನ ನಾತ ಹೋಗದ ಸಂಕಟ. ಮೇಷ್ಟ್ರು ಆ ವರ್ಷದ ಪಾಠವನ್ನೆಲ್ಲ ಮುಗಿಸಿದರು, ಹಾಜರಿಗೆ ತಿಂಡಿ ಕೇಳುವುದನ್ನೂ ಬಿಡಲಿಲ್ಲ. ನನಗೆ ಒಂದು ಮಾತೂ ಅನ್ನಲಿಲ್ಲ. ಮಾರ್ಚಿನಲ್ಲಿ ಕಮಿಟಿಯವರು ಕೆಲಸ ಮುಂದುವರಿಸಲಿಲ್ಲ. ಕೊನೆಯ ದಿನ ಸೈಕಲ್ ಸ್ಟ್ಯಾಂಡ್ ತೆಗೆಯುತ್ತಾ ನನಗೆ ಹೇಳಿದ್ದು ಇಷ್ಟೇ: "ಪರೀಕ್ಷೆ ದಿನ ಬೆಳಿಗ್ಗೆ ತಿಂದ್ಕೊಂಡು ಹೋಗಮ್ಮ."

ಬೇರೆ ಶಾಲೆಗಳಲ್ಲಿ ಕೇಳಿದರಂತೆ, ಆ ವರದಿ ಎಲ್ಲ ಕಡೆಯೂ ಇವರಿಗಿಂತ ಮುಂಚೆ ಹೋಗಿ ಕೂತಿತ್ತು. ಆಮೇಲೆ ಉತ್ತರಹಳ್ಳಿಯ ತಮ್ಮ ಜಮೀನಿಗೇ ಇಳಿದರು. ಇದನ್ನೆಲ್ಲ ನನಗೆ ಹೇಳಿದವಳು ವಸಂತಪುರದ ನನ್ನ ಸಹಪಾಠಿ. ಕೇಳಿದಾಗ ನಾನು ಹೂಂ ಅಂದೆ. ಹೂಂ ಅಂದುಕೊಂಡೇ ಐದಾರು ವರ್ಷ ಕಳೆದೆ. ಬಿ.ಎಸ್‌ಸಿ. ಮುಗಿದ ಮೇಲೆ ಒಂದು ಭಾನುವಾರ, ಯಾರೂ ಹೋಗು ಅನ್ನದೆ, ಉತ್ತರಹಳ್ಳಿಗೆ ಹೋದೆ.

ಮೇಷ್ಟ್ರು ಹೊಲದ ಬದುವಿನಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಕೂದಲು ಬೆಳ್ಳಗಾಗಿತ್ತು. ನನ್ನ ಗುರುತು ತಕ್ಷಣ ಹತ್ತಿತು. ನಾನು ನಿಂತುಕೊಂಡೇ, ಪಾಠ ಒಪ್ಪಿಸುವವಳ ಹಾಗೆ, ಎಲ್ಲ ಹೇಳಿದೆ. ತೊಳೆಯಲಿಲ್ಲ, ನಿಮ್ಮ ಕೆಲಸ ಹೋದದ್ದು ನನ್ನಿಂದ, ಆವತ್ತು ಬಾಯಿ ಬಿಡಲಿಲ್ಲ.

"ಗೊತ್ತಿತ್ತಮ್ಮ," ಅಂದರು. "ಫ್ಲಾಸ್ಕಲ್ಲಿ ಕಾಳು ಅರ್ಧದಷ್ಟೇ ಇತ್ತು. ನಾನೇ ಅಳೆದು ಕೊಟ್ಟಿದ್ದಲ್ವಾ. ಮಿಕ್ಕಿದ್ದು ಎಲ್ಲಿಗೆ ಹೋಯ್ತು ಅಂತ ಆಗ್ಲೇ ಗೊತ್ತಾಯ್ತು."

"ಮತ್ತೆ ಯಾಕೆ ಸಾರ್ ಹೇಳಲಿಲ್ಲ?"

"ಏನಂತ ಹೇಳ್ಲಿ? ತಾಯಿ ಹೋದ ಮಗು ಇಷ್ಟು ದಿನಕ್ಕೆ ಹೊಟ್ಟೆಗೆ ತಿಂತು, ಅದಕ್ಕೇ ಪ್ರಯೋಗ ಕೆಟ್ಟೋಯ್ತು ಅಂತಲಾ?" ಅವರು ಮತ್ತೆ ಅವರೆಕಾಯಿಗೆ ಕೈ ಹಾಕಿದರು. "ಆವತ್ತು ಫ್ಲಾಸ್ಕ್ ಒಳಗೆ ನೋಡಿದಾಗ ನನಗೆ ಸಮಾಧಾನ ಆಯ್ತು ಕಣಮ್ಮ. ಅದನ್ನ ಅವರಿಗೆ ಹೇಗೆ ಬಿಡಿಸಿ ಹೇಳೋದು."

ಅವರ ಮನೆಯಾಕೆ ಊಟಕ್ಕೆ ಕೂರಿಸಿದರು. ಉಂಡು ಬಂದೆ.

ಮರು ವರ್ಷ ಮೇಷ್ಟ್ರು ಕಾಮಾಲೆಯಲ್ಲಿ ತೀರಿಕೊಂಡರು. ವಸಂತಪುರದ ಗೆಳತಿ ನಮ್ಮ ಬಾಗಿಲಲ್ಲಿ ನಿಂತು ಹೇಳಿ ಹೋದಾಗ ಮಧ್ಯಾಹ್ನ, ಅಡುಗೆ ಆಗಿತ್ತು. ಪಾಠ ಹೇಳಿದ ಗುರು, ಸುದ್ದಿ ಕೇಳಿದ ಮೇಲೆ ಸ್ನಾನ ಮಾಡದೆ ಅನ್ನ ಮುಟ್ಟಬೇಡ ಕಣೇ ಎಂದಳು ಅಜ್ಜಿ. ನನಗೆ ಅವತ್ತೂ ಅಳು ಬರಲಿಲ್ಲ. ತಟ್ಟೆ ಹಾಕಿಕೊಂಡು ಕೂತೆ. ಅಜ್ಜಿ ಬೈಯುತ್ತಲೇ ಬಡಿಸಿದಳು. ಅನ್ನ, ಹುಳಿ, ಮಜ್ಜಿಗೆ, ಒಂದು ಅಗುಳು ಬಿಡದೆ ಉಂಡೆ.