ಕೆಂಪು ಮರಳಿನ ಆರು ಪ್ಲೇಟು

ಪ್ರವಾಸವು ಮನುಷ್ಯನ ದೃಷ್ಟಿಯನ್ನು ವಿಶಾಲಗೊಳಿಸುತ್ತದೆಂದು ದೊಡ್ಡವರು ಬರೆಯುತ್ತಾರೆ. ಮೂರನೆಯ ದರ್ಜೆಯ ಡಬ್ಬಿಯಲ್ಲಿ ಕ್ಯಾಮರಾದ ಮೂರು ಕಾಲುಗಳನ್ನು ಅವುಚಿಕೊಂಡು ಅವರಾರೂ ಕೂತಂತಿಲ್ಲ. ಧಾರವಾಡದಿಂದ ಪುಣೆಯವರೆಗೆ ನನಗೆ ಕಂಡದ್ದು ಎದುರು ನಿಂತವನ ಬೆನ್ನು.

ನಾನು ಮಾಳಮಡ್ಡಿಯ ಫೋಟೋದವ. ಜೊತೆಗಿದ್ದ ಇಮಾಮಸಾಬ ಲಾರಿ ರಿಪೇರಿಯವ. ಅವನ ಮಗ ಖಾದರ ಪಲಟಣಿಯ ಲಾರಿ ನಡೆಸುತ್ತ ಮಿಸರದ, ಅಂದರೆ ಈಜಿಪ್ಟಿನ, ಮರುಭೂಮಿಯಲ್ಲಿ ಸತ್ತಿದ್ದ. ಹೊತ್ತು ಮುಳುಗುವಾಗ ಮರಳಿನಲ್ಲಿ ದಫನ ಮಾಡಿದರೆಂದು ಕಾಗದ ಬಂತು. ಓದಿ ಹೇಳಿದವನು ನಾನೇ. ತಾಯಿ ಫಾತಿಮಾಬಿ ಹೆಬ್ಬಳ್ಳಿಯ ಎರೆಮಣ್ಣಿನಲ್ಲಿ ಬೆಳೆದವಳು. ಅಳಲಿಲ್ಲ, ಕೇಳಿದಳು: “ಮರಳಿನ್ಯಾಗ ಗೋರಿ ನಿಂದರತೈತೇನ್ರಿ, ರಾಯರ? ಆ ಜಾಗಾ ಹೆಂಗಿರತೈತಿ, ಒಮ್ಮೆ ನೋಡಬೇಕ್ರಿ.”

ಯುದ್ಧಕಾಲದಲ್ಲಿ ಮಿಸರಕ್ಕೆ ಯಾರು ಬಿಟ್ಟಾರು? ರಜಪುತಾನದ ಮರಳೂ ಮರಳೇ, ಅದರ ಫೋಟೋ ತಂದುಕೊಡುತ್ತೇನೆ ಎಂದು ಹುಂಬತನದಿಂದ ಅಂದವನೂ ನಾನೇ.

ನಾಲ್ಕನೆಯ ದಿನ ಜೋಧಪುರ ಮುಟ್ಟಿದೆವು. ಫಾತಿಮಾಬಿ ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಚಟ್ನಿ ಅಲ್ಲಿಯವರೆಗೂ ಬಂದವು. ಮುಂದೆ ಸಣ್ಣ ಗಾಡಿಯಲ್ಲಿ ನಲವತ್ತು ಮೈಲು, ಆಮೇಲೆ ಹನ್ನೆರಡಾಣೆ ಬಾಡಿಗೆಯ ಒಂಟೆಯ ಮೇಲೆ ನಾಲ್ಕು. ಫೋಟೋ ಛಲೋ ಬಂದಿಲ್ಲವೆಂದು ತಿರುಗಿ ತಂದ ಗಿರಾಕಿಯ ಮುಖ ಆ ಒಂಟೆಯದು.

ಹೊತ್ತು ಇಳಿಯಿತು. ದಿಬ್ಬಗಳೆಲ್ಲ ಕೆಂಪಾದವು. “ಕುಲುಮ್ಯಾಗಿನ ಕಬ್ಬಿಣದಂಗ ಐತ್ರಿ,” ಎಂದ ಇಮಾಮಸಾಬ. ಮೂವತ್ತು ವರ್ಷ ಗಿರಾಕಿಗಳಿಗೆ ಅಳ್ಳಾಡಬೇಡಿರೆಂದು ಗದರಿದ ನನಗೆ ಕೊನೆಗೂ ಅಳ್ಳಾಡದ ಗಿರಾಕಿ ಸಿಕ್ಕಿತೆಂದುಕೊಂಡೆ. ಅಷ್ಟರಲ್ಲಿ ಗಾಳಿ ಎದ್ದಿತು.

ಇಮಾಮಸಾಬ ನಮಾಜು ಮುಗಿಸಿ ಮರಳನ್ನು ಅಂಗೈಯಿಂದ ಒತ್ತಿ ನೋಡಿದ. “ಮೆತ್ತಗೈತ್ರಿ. ಖಾದರಗ ಒತ್ತೂದಿಲ್ಲ.”

ನಾನು ಕ್ಯಾಮರಾದ ಆರನೆಯ ಗಾಜಿನ ಪ್ಲೇಟು ಮುಗಿಸುವ ಹೊತ್ತಿಗೆ ಅವನ ಹೆಜ್ಜೆಗಳು, ಮೊಣಕಾಲೂರಿದ ಗುರುತು ಎಲ್ಲ ಮುಚ್ಚಿಹೋಗಿದ್ದವು. ತಾನು ಕೂತಿದ್ದ ಜಾಗವನ್ನು ಬಹಳ ಹೊತ್ತು ಹುಡುಕಿದ. ಸಿಗಲಿಲ್ಲ.

“ಇದನ್ನ ಆಕಿಗೆ ಹೇಳಬ್ಯಾಡ್ರಿ,” ಎಂದ. “ಫೋಟೋ ಅಷ್ಟ ತೋರ್ಸೋಣು.”

ಊರಿಗೆ ಬಂದ ದಿನವೇ ಮಧ್ಯಾಹ್ನ ಕತ್ತಲೆಕೋಣೆ ಹೊಕ್ಕೆವು. ಫಾತಿಮಾಬಿ ಹೊರಗೆ ಗಿರಾಕಿಗಳ ಬೆಂಚಿನ ಮೇಲೆ ಕಾಯುತ್ತ ಕೂತಳು. ಕೆಂಪು ದೀಪ ಹಚ್ಚಿ ಮೊದಲನೆಯ ಪ್ಲೇಟು ತೆಗೆದೆ.

“ಬೆಳಕ ಬಿದ್ದರ ಪ್ಲೇಟು ಕೆಡತಾವ ಅಂತೀರಿ. ಈ ದೀಪಕ್ಕ ಕೆಡೂದಿಲ್ಲೇನ್ರಿ?” ಎಂದು ಇಮಾಮಸಾಬ ಕೇಳಿದ.

“ಇಲ್ಲಪಾ. ಇವಕ್ಕ ಕೆಂಪ ಬೆಳಕು ಕಾಣಂಗಿಲ್ಲ.”

ಮೂವತ್ತು ವರ್ಷ ದಿನಾಲೂ ಆ ದೀಪದಡಿ ಕೆಲಸ ಮಾಡಿದವನು ನಾನು. ಆಡಿದ ಮಾತು ನನ್ನ ಕಿವಿಗೇ ಬಿದ್ದಾಗ ಕೈ ನಿಂತಿತು.

“ಅಲ್ಲೆ ಎಲ್ಲಾ ಕೆಂಪನ ಇತ್ತಲ್ರಿ, ರಾಯರ,” ಎಂದ ಅವನು, ಮೆಲ್ಲಗೆ.

ಪ್ಲೇಟನ್ನು ಚಿತ್ರ ಮೂಡಿಸುವ ಔಷಧದ ತಟ್ಟೆಗೆ ಇಳಿಸಿದೆ. ಒಂದಾದ ಮೇಲೊಂದು ಉಳಿದವನ್ನೂ ಇಳಿಸಿದೆ.

ಆರೂ ಪ್ಲೇಟಿನಲ್ಲಿ ಆಕಾಶ ಬಂದಿತ್ತು. ಮರಳು ಬಂದಿರಲಿಲ್ಲ.