ಮರುದಿನ ಬೆಳಗ್ಗೆ ಹಾಲು ಕರೆದವಳು

ಮದುವೆಯಾದಾಗಿನಿಂದ ನನ್ನ ಗಂಡ ನನ್ನನ್ನು ಕರೆದದ್ದು 'ಇವಳೇ' ಎಂದು ಮಾತ್ರ. ಅಂಥ ಮನುಷ್ಯ ಈಗ ದಿನಾ ಬೆಳಗ್ಗೆ ಹಿಂದಿನ ಜಗಲಿಯಲ್ಲಿ ಕೂತು, ಬೀದಿಗೆಲ್ಲ ಕೇಳುವ ಹಾಗೆ, "ಪ್ರಾಣೇಶ್ವರೀ, ನಿನ್ನ ಕಣ್ಣ ಬೆಳಕಿನಲ್ಲೇ ನನ್ನ ಖಡ್ಗವನ್ನು ಸಾಣೆ ಹಿಡಿದಿದ್ದೇನೆ" ಎನ್ನುತ್ತಾರೆ. ನನಗಲ್ಲ, ಮೊಬೈಲಿಗೆ.

ಅವರು ಸರ್ವೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಹೊಲಗದ್ದೆಗಳನ್ನು ಸರಪಳಿ ಎಳೆದು ಅಳೆದವರು. ಅಳೆಯುವಾಗ ಬದುವಿನಲ್ಲೋ ಕೆರೆ ಏರಿಯಲ್ಲೋ ವೀರಗಲ್ಲು ಸಿಕ್ಕಿದರೆ, ಜೊತೆಯವರು ಅದಕ್ಕೊರಗಿ ಬುತ್ತಿ ಬಿಚ್ಚುತ್ತಿದ್ದರಂತೆ, ಇವರು ಮಾತ್ರ ಮಣ್ಣು ಒರೆಸಿ ನೋಡುತ್ತಾ ನಿಲ್ಲುತ್ತಿದ್ದರಂತೆ. ಕಾದಾಡಿ ಸತ್ತವನ ನೆನಪಿಗೆ ಹಿಂದಿನವರು ನಿಲ್ಲಿಸಿದ ಕಲ್ಲು ಅದು. ಪಿಂಚಣಿ ಶುರುವಾದ ಮೇಲೆ ಆ ಹುಚ್ಚು ನೆತ್ತಿಗೇರಿತು. ಒಂದು ಮಹಾ ಐತಿಹಾಸಿಕ ಕಾದಂಬರಿ ಆಗಲೇಬೇಕು ಎಂದು ಹಠ ಹಿಡಿದರು. ಬನವಾಸಿ ನಾಡಿನ ಮೇಲೆ ಶತ್ರುವಿನ ದಂಡು, ಎದುರು ನಿಂತ ಒಬ್ಬ ವೀರ, ಅವನಿಗಾಗಿ ಕಾಯುವ ಒಬ್ಬ ಚೆಲುವೆ. ಕೈ ನಡುಗುವುದರಿಂದ ಬರೆಯಲಾಗುವುದಿಲ್ಲ. ಮಾತಾಡಿದರೆ ಫೋನೇ ಬರೆದುಕೊಳ್ಳುತ್ತದೆ ಎಂದು ನಮ್ಮ ಮಗಳು ತೋರಿಸಿಕೊಟ್ಟು ಹೋದಳು. ಪುಣ್ಯ ಅವಳಿಗೆ, ಕರ್ಮ ನನಗೆ.

ಅಂದಿನಿಂದ ನನ್ನ ಅಡಿಗೆಮನೆಗೆ ನಿಷೇಧಾಜ್ಞೆ. ಕುಕ್ಕರ್ ಕೂಗಬಾರದು, ಪಾತ್ರೆ ಬೀಳಬಾರದು.

"ಇವಳೇ, ಮಿಕ್ಸಿ ನಿಲ್ಸು! ದಂಡು ಊರ ಬಾಗಿಲಿಗೆ ಬಂದೈತಿ!"

"ಆ ದಂಡಿಗೆ ಚಟ್ನಿ ಬ್ಯಾಡ ಅಂದ್ರೆ ನಿಲ್ಲಿಸ್ತೀನ್ರೀ. ನಿಮಗೆ ಬೇಕಲ್ಲ!"

ಪಕ್ಕದ ಮನೆಯಾಕೆ ಗೋಡೆಯ ಮೇಲೆ ಕತ್ತು ಚಾಚಿ, "ಏನ್ರೀ, ನಿಮ್ಮ ಯಜಮಾನ್ರು ಈ ವಯಸ್ಸಿನಾಗೆ ಏನು ಪ್ರೀತಿ ಮಾಡ್ತಾರ್ರೀ! ನಮ್ಮೋರಿಗೂ ಒಂಚೂರು ಹೇಳ್ಕೊಡೋಕೆ ಹೇಳ್ರಿ" ಎಂದು ನಕ್ಕಳು. ನನ್ನ ಮಾನ ಮೂರು ಕಾಸಿಗೆ ಹೋಯಿತು. ಆ ಪ್ರೀತಿಯಲ್ಲಿ ನನ್ನ ಪಾಲಿಗೆ ಬಂದದ್ದು ಕಾಫಿ ಲೋಟ ತೊಳೆಯುವ ಕೆಲಸ ಎಂದು ಅವಳಿಗೆ ಹೇಗೆ ಹೇಳಲಿ?

ಅದೂ ಎಂಥ ಪ್ರೀತಿ! ಸರ್ವೆಯವರ ಬುದ್ಧಿ ಸರ್ವೆಯದೇ. ಪ್ರೇಮಿಗಳು ಸೇರುವ ಜಾಗಕ್ಕೂ ಚಕ್ಕುಬಂದಿ ಹಾಕುತ್ತಾರೆ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಗೋಮಾಳ, ಉತ್ತರಕ್ಕೆ ಅರಸನ ಸ್ವಂತ ಗದ್ದೆ, ದಕ್ಷಿಣಕ್ಕೆ ಬಂಡಿದಾರಿ. ಈ ಮಧ್ಯೆ ಇರುವ ಸ್ವತ್ತಿನಲ್ಲಿ ನಿಂತು ಅವಳು ನಿಟ್ಟುಸಿರು ಬಿಡುತ್ತಾಳೆ. ಕಾದಂಬರಿ ಶುರುವಾದಾಗಿನಿಂದ ಆ ಹುಡುಗಿ ಒಂದು ತುತ್ತು ಉಂಡಿಲ್ಲ. ಒಂದು ಮಗು ಹೆತ್ತಳು, ಅದೂ ಅರ್ಧ ವಾಕ್ಯದಲ್ಲಿ. ಮರುಕ್ಷಣ ಮತ್ತೆ ಕೋಟೆಯ ಮೇಲೆ ಚಂದ್ರನ ಹತ್ತಿರ.

ಇದನ್ನೆಲ್ಲ ಸಹಿಸಿದೆ. ಆದರೆ ಕಾದಂಬರಿಗೆಂದು ಇವರು ಹಿಡಿದುಕೊಂಡ ವೀರಗಲ್ಲು ನನ್ನ ತವರಿನದು. ಕುಬಟೂರಿನ ಹತ್ತಿರದ ನಮ್ಮೂರಲ್ಲಿ, ನಮ್ಮ ಗದ್ದೆಯ ಪಕ್ಕ, ಕೆರೆ ಏರಿಯ ಮೇಲಿದೆ. ಕಲ್ಲಿನ ಕೆಳಗಡೆ ಕೆತ್ತಿರುವುದು ಬಿಲ್ಲು ಹಿಡಿದ ಒಬ್ಬ, ಅವನ ಮುಂದೆ ಸಾಲಾಗಿ ದನಗಳು. ಯಾರೋ ಹೊಡೆದುಕೊಂಡು ಹೋದ ಊರ ದನಗಳನ್ನು ಬಿಡಿಸಲು ಹೋಗಿ ಸತ್ತವನು ಅವನು. ದೀಪಾವಳಿಗೆ ದನಗಳಿಗೆ ಹಾರ ಕಟ್ಟುವಾಗ ಮೊದಲ ಹಾರ ಆ ಕಲ್ಲಿಗೇ ಹೋಗುತ್ತದೆ.

"ನಾಕು ದನ ಬಿಡಿಸ್ಕೊಂಡು ಬರೋಕೆ ಹೋದೋನ್ರೀ ಅವನು. ನೀವು ಆನೆ ಕುದುರೆ ಎಲ್ಲಿಂದ ತಂದ್ರಿ?" ಎಂದು ಕೇಳಿದ್ದೆ.

"ದನಕ್ಕೆ ಯಾರು ಅಳ್ತಾರೆ? ಕಾದಂಬರಿ ಅಂದಮ್ಯಾಲೆ ಸಾಮ್ರಾಜ್ಯ ಬೇಕು" ಎಂದರು.

ಆಮೇಲೆ ಒಂದು ದಿನ, ಕೊನೆಯ ಅಧ್ಯಾಯದಲ್ಲಿ ಅವಳು ಗಂಡನ ಚಿತೆ ಏರುತ್ತಾಳೆ ಎಂದರು. ಹಾಗೆ ಬೆಂಕಿಗೆ ಹೋದವಳ ಕಲ್ಲಿನಲ್ಲಿ ಬಳೆ ತೊಟ್ಟ ಒಂದು ತೋಳು ಮೇಲಕ್ಕೆ ಚಾಚಿರುತ್ತದೆ. ನಮ್ಮೂರ ಕಲ್ಲಿನಲ್ಲಿ ತೋಳಿಲ್ಲ. ಅದು ಇವರಿಗೆ ನನಗಿಂತ ಚೆನ್ನಾಗಿ ಗೊತ್ತು.

"ತೋಳಿಲ್ಲ, ಖರೆ. ಆದ್ರೆ ಇಷ್ಟು ದೊಡ್ಡ ಪ್ರೀತಿ ಅಂದ್ರೆ ಅಲ್ಲಿಗೇ ಹೋಗಿ ಮುಟ್ಟಬೇಕು. ಓದಿದೋರು ಅಳಬೇಕು" ಎಂದರು. ನನಗೆ ಮೈಯೆಲ್ಲ ಉರಿಯಿತು. ಯಾಕೆಂದು ಆಗ ಹೇಳಲಾಗಲಿಲ್ಲ. ಒಲೆಯ ಮೇಲಿದ್ದ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಇವರು ಅದನ್ನೇ ಉಂಡು ಚೆನ್ನಾಗಿದೆ ಎಂದರು.

ಆ ಅಧ್ಯಾಯವನ್ನು ಕಲ್ಲಿನ ಮುಂದೆಯೇ ಕೂತು ಹೇಳಬೇಕೆಂದು ಹೊರಟರು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಆನವಟ್ಟಿಗೆ ಹೋದೆವು. ಅಲ್ಲಿಂದ ನನ್ನ ತಮ್ಮ ಕಾರಿನಲ್ಲಿ ಮನೆಗೆ ಕರೆದೊಯ್ದ. ಎಂಬತ್ತು ದಾಟಿದ ನನ್ನ ಅವ್ವ ತಮ್ಮನ ಸಂಸಾರದ ಜೊತೆಗೇ ಇದ್ದಾಳೆ. "ಅಳಿಯಂದ್ರು ಕತೆ ಹೇಳ್ತಾರಂತೆ, ನಾನೂ ಬರ್ತೀನಿ" ಎಂದು ಕೋಲು ಹಿಡಿದು ಏರಿಯವರೆಗೆ ಬಂದಳು. ಬೇಡ ಎಂದೆ. ನನ್ನ ಮಾತು ಯಾರು ಕೇಳುತ್ತಾರೆ?

ಇವರು ಕಲ್ಲಿನೆದುರು ಕೂತು ಫೋನು ಬಾಯಿಯ ಹತ್ತಿರ ಹಿಡಿದು ಶುರು ಮಾಡಿದರು. ಗಂಧದ ಕಟ್ಟಿಗೆ, ತುಪ್ಪ, ಜ್ವಾಲೆ, ಅವಳ ಮುಖದಲ್ಲಿ ಮುಗುಳ್ನಗೆ. "ಸ್ವಾಮೀ, ನೀನಿಲ್ಲದ ಲೋಕದಲ್ಲಿ ಒಂದೇ ಒಂದು ಬೆಳಗನ್ನೂ ನಾನು ನೋಡಲಾರೆ" ಎಂದು ಅವಳು ಬೆಂಕಿಗೆ ಕಾಲಿಟ್ಟಳು. ಅವ್ವ ಬಾಯಿಗೆ ಸೆರಗು ಹಿಡಿದು ಕೇಳುತ್ತಿದ್ದಳು.

"ಅಳಿಯಂದ್ರೇ, ಅವಳಿಗೆ ಮಕ್ಳು ಇರ್ಲಿಲ್ವಾ?" ಎಂದಳು.

"ಇತ್ತು ಅತ್ತೆ. ಒಂದು ಗಂಡುಮಗು."

"ಮತ್ತೆ ಅದ್ನ ಯಾರ ಕೈಗೆ ಕೊಟ್ಟು ಹೋದ್ಲು?"

"ಅದು... ಕತೇಲಿ ಬರಲ್ಲ ಅತ್ತೆ" ಎಂದರು. ಫೋನು ಪಾಪ, ಅದನ್ನೂ ಬೆಂಕಿಯ ನಡುವೆಯೇ ಬರೆದುಕೊಂಡಿತು.

ಅವ್ವ ತಲೆ ತಗ್ಗಿಸಿ ಕಲ್ಲಿನ ಬುಡದ ಹುಲ್ಲು ಕೀಳತೊಡಗಿದಳು. "ಇರ್ಲಿ ಬಿಡಿ. ಅವಳಿಗೆ ಅಷ್ಟು ಪ್ರೀತಿ ಇತ್ತೇನೋ" ಎಂದಳು. ಆಮೇಲೆ ಬಿಸಿಲು ಜಾಸ್ತಿಯಾಯಿತೆಂದು ತಮ್ಮನ ಕೈ ಹಿಡಿದು ಮನೆಗೆ ಹೊರಟುಹೋದಳು.

ಅವಳು ಏರಿ ಇಳಿಯುವವರೆಗೆ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಆಮೇಲೆ ಕೇಳಿದೆ. "ಏನ್ರೀ, ನಿಮ್ಮ ಲೆಕ್ಕದಾಗೆ ನಮ್ಮವ್ವಗೆ ಪ್ರೀತಿ ಇರ್ಲಿಲ್ಲೇನ್ರೀ?"

"ನಿಮ್ಮವ್ವನ ಮಾತು ಎಲ್ಲಿ ಬಂತೇ ಇಲ್ಲಿ? ಇದು ಕತೆ."

ಆಗ ಹೇಳಿದೆ, ಇಷ್ಟು ವರ್ಷ ಇವರಿಗೆ ಹೇಳದೇ ಇದ್ದದ್ದನ್ನು. ಅಪ್ಪ ಜ್ವರ ಬಂದು ತೀರಿಕೊಂಡಾಗ ನಾನು ಶಾಲೆಗೆ ಹೋಗುವ ಹುಡುಗಿ, ತಮ್ಮ ಇನ್ನೂ ತೊಟ್ಟಿಲಲ್ಲಿದ್ದ. ಮರುದಿನ ಬೆಳಗ್ಗೆ ಅವ್ವ ಎದ್ದು ಹಾಲು ಕರೆಯಲು ಕೊಟ್ಟಿಗೆಗೆ ಹೋದಳು. ಮನೆ ತುಂಬ ನೆಂಟರಿದ್ದರು. ನಮ್ಮ ದೊಡ್ಡವ್ವ ಎಲ್ಲರಿಗೂ ಕೇಳುವ ಹಾಗೆ, "ಗಂಡನ್ನ ಮಣ್ಣು ಮಾಡಿ ಬಂದು ಮಿಂದ ನೀರು ಆರಿಲ್ಲ, ಇವಳು ತಂಬಿಗೆ ಹಿಡ್ಕಂಡು ಹೊಂಟ್ಲು ನೋಡಿ. ಪ್ರೀತಿ ಇದ್ದೋಳು ಹಿಂಗೆ ಮಾಡ್ತಾಳಾ?" ಎಂದಳು. ಅವ್ವ ಕೊಟ್ಟಿಗೆಯ ಬಾಗಿಲು ದೂಡಿಕೊಂಡು ಒಳಗೆ ಹೋದಳು. ಆ ಮಾತು ಊರೆಲ್ಲ ಸುತ್ತಿತು. ನನ್ನ ಮದುವೆಯ ಚಪ್ಪರದಲ್ಲೂ ಯಾರೋ ಪಿಸುಗುಟ್ಟಿದ್ದು ನನ್ನ ಕಿವಿಗೇ ಬಿದ್ದಿತ್ತು.

"ನಿಮ್ಮ ಚೆಲುವೆ ಒಂದು ಬೆಳಗೂ ನೋಡಲಾರೆ ಅಂತ ಹಾರ್ಕೊಂಡ್ಲು. ಸುಲಭ ಆಯ್ತಲ್ಲ! ಈ ಕಲ್ಲು ತಾನೇ ಎದ್ದು ಬಂದು ನಿಂತ್ಕೊಂತಾ? ಬದುಕಿರೋರು ಯಾರೋ ಕಲ್ಲುಕುಟಿಗನ್ನ ಕರ್ಸಿ ನಿಲ್ಲಿಸಿದ್ರು. ಅವನು ಪ್ರಾಣ ಕೊಟ್ಟು ಬಿಡಿಸಿದ ದನ ಮನೀಗೆ ಬಂದ್ವಲ್ಲ, ಮರುದಿನ ಬೆಳಗ್ಗೆ ಅವನ್ನ ಕರೆದೋಳು ಯಾರ್ರೀ? ಅವಳಿಗೆ ನಿಮ್ಮ ಪುಸ್ತಕದಾಗೆ ಜಾಗ ಇಲ್ವಾ?"

ಏರಿಯ ಮೇಲೆ ಹೋಗುತ್ತಿದ್ದ ಬೈಕಿನವನು ನಿಧಾನ ಮಾಡಿ ನೋಡಿದ. ನೋಡಿಕೊಳ್ಳಲಿ ಎಂದು ಅತ್ತುಬಿಟ್ಟೆ. ಇವರು ಫೋನನ್ನು ಜೇಬಿಗೆ ಹಾಕಿಕೊಂಡರು. ಬಸ್ಸು ಹತ್ತಿ ಶಿಕಾರಿಪುರದ ನಮ್ಮ ಮನೆಗೆ ಮರಳಿದೆವು.

ಆಮೇಲೆ ಜಗಲಿ ಮೌನವಾಯಿತು. ಪ್ರಾಣೇಶ್ವರಿಯೂ ಇಲ್ಲ, ದಂಡೂ ಇಲ್ಲ. ಕುಕ್ಕರ್ ಬೇಕಾದಷ್ಟು ಕೂಗಿತು. "ಏನ್ರೀ, ನಿಮ್ಮನೇಲಿ ಪ್ರೀತಿ ನಿಂತೇ ಹೋಯ್ತಲ್ರೀ?" ಎಂದು ಪಕ್ಕದಾಕೆ ವಿಚಾರಿಸಿದಳು. ಬಯ್ಯಲು ಏನೂ ಸಿಗದ ಬೆಳಗು ಇಷ್ಟು ಬೇಜಾರಿನದೆಂದು ನನಗೆ ಗೊತ್ತಿರಲಿಲ್ಲ. ಮಾತಾಡಿದರೂ ಕಷ್ಟ, ಆಡದಿದ್ದರೂ ಕಷ್ಟ, ಇಂಥವರ ಜೊತೆ ಹೇಗಾದರೂ ಬಾಳುವುದು!

ಒಂದು ಬೆಳಗ್ಗೆ ನಾನು ದೋಸೆ ಹುಯ್ಯುತ್ತಿರುವಾಗ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು.

"ಇವಳೇ, ಒಂದಿನ ಹಾಲು ಕರೀದೇ ಬಿಟ್ರೆ ದನಕ್ಕೆ ಏನಾಗ್ತದೆ?"

"ಏನಾಗ್ತದೆ ಅಂದ್ರೆ? ಕೆಚ್ಚಲು ಕಲ್ಲಾಗ್ತದೆ. ನೋವಿಗೆ ಕೂಗ್ತದೆ, ಮುಟ್ಟಿದ್ರೆ ಒದೀತದೆ."

"ಕರು ಮೊದ್ಲು ಬಿಡಬೇಕಾ?"

"ಅಯ್ಯೋ ದೇವ್ರೇ! ಜೀವಮಾನ ಎಲ್ಲ ಜನರ ಗದ್ದೆ ಅಳೆದ್ರಿ, ಒಂದು ದನಾನಾದ್ರೂ ಕಣ್ಣು ಬಿಟ್ಟು ನೋಡಿದ್ರೇನ್ರೀ?" ಎಂದೆ. ಬಯ್ಯುತ್ತಲೇ ಎಲ್ಲ ಹೇಳಿದೆ: ಕರು ಬಿಡುವುದು, ಎಳೆದು ಕಟ್ಟುವುದು, ಕೆಚ್ಚಲಿಗೆ ನೀರು ಚಿಮುಕಿಸುವುದು. ದೋಸೆ ಕರಕಲಾಯಿತು. ಇವರು ಜಗಲಿಗೆ ಹೋದರು. ಕಿಟಕಿಯಿಂದ ಧ್ವನಿ ಕೇಳಿಸಿತು, ಮೊದಲಿನ ಅಬ್ಬರವಿಲ್ಲದ ಧ್ವನಿ. "ಬೆಳಗಾಯಿತು. ಬಿಡಿಸಿ ತಂದ ದನಗಳು ಕೊಟ್ಟಿಗೆಯಲ್ಲಿ ಕೂಗುತ್ತಿದ್ದವು. ಮಗು ಮಲಗಿತ್ತು. ಅವಳು ಎದ್ದು ತಂಬಿಗೆ ತೆಗೆದುಕೊಂಡಳು." ಚಕ್ಕುಬಂದಿ ಇರಲಿಲ್ಲ.

ಆ ಸಂಜೆ ನನ್ನ ಫೋನಿನಿಂದ ನನ್ನ ತಮ್ಮನಿಗೆ ಹಚ್ಚಲು ಹೇಳಿದರು. ಅವ್ವನಿಗೆ ಕೊಡಿಸಿ, ಸ್ಪೀಕರ್ ಹಾಕಿಸಿ, ಬರೆದದ್ದನ್ನು ನಿಧಾನವಾಗಿ ಓದಿದರು. ನಾನು ಪಕ್ಕದಲ್ಲಿ ಸೊಪ್ಪು ಸೋಸುತ್ತಾ ಕೂತಿದ್ದೆ. ಓದಿ ಮುಗಿಸಿದ ಮೇಲೆ ಆ ಕಡೆಯಿಂದ ಬರೀ ಗರಗರ ಸದ್ದು. ಲೈನು ಕಟ್ಟಾಯಿತು, ಹಾಳಾದ ನೆಟ್‌ವರ್ಕು, ಎಂದುಕೊಂಡೆ.

"ಅಳಿಯಂದ್ರೇ" ಎಂದಳು ಅವ್ವ. "ಕೊಟ್ಟಿಗೀಗೆ ಹೋಗೋಕ್ ಮುಂಚೆ ಮುಖ ತೊಳ್ಕಂಡ್ಲು ಅಂತ ಹಾಕಿ."

"ಯಾಕತ್ತೆ?"

"ಅತ್ತ ಮುಖ ತಗಂಡು ಹೋದ್ರೆ ದನ ಹಾಲು ಇಳ್ಸಲ್ಲ. ಅವತ್ತು ಎಷ್ಟು ತೊಳ್ಕಂಡ್ರೂ ನನ್ನ ಮುಖ ಒಣಗ್ತಾನೇ ಇರ್ಲಿಲ್ಲ."

ಫೋನಿಟ್ಟ ಮೇಲೆ ಇವರು ಆ ಸಾಲು ಸೇರಿಸಲು ಬಾಯಿ ತೆರೆದರು. ಕನ್ನಡಕ ತೆಗೆದು ಒರೆಸಿಕೊಂಡು, ಫೋನನ್ನು ನನ್ನ ಮುಂದೆ ಹಿಡಿದರು. ಸೊಪ್ಪಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ನಾನೇ ಹೇಳಿದೆ, "ಅವಳು ಮುಖ ತೊಳೆದುಕೊಂಡಳು" ಎಂದು.